ನೀಲಿ ಕಾಗದದ ಇಪ್ಪತ್ತೆಂಟು ದಿನ

ಮದ್ಯದ ಪರವಾನಗಿಯ ವಿಚಾರಣೆಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಬೇಡ ಎನ್ನಲು, ಎರಡನೆಯ ಸಲ ಬೇಕು ಎನ್ನಲು. ಎರಡರ ನಡುವೆ ಸುಮಾರು ಮೂರು ವರ್ಷ ಕಳೆದಿದ್ದವು. ಆ ಮೂರು ವರ್ಷಗಳಲ್ಲಿ ನಾನು ಕುಡಿಯಲು ಕಲಿತೆನೇ ಎಂದು ಗೆಳೆಯರು ಕೇಳುತ್ತಾರೆ. ಇಲ್ಲ, ಇವತ್ತಿಗೂ ಮಜ್ಜಿಗೆಯೇ.

ನಾವಿರುವುದು ಇಂಗ್ಲೆಂಡಿನ ನಡುಭಾಗದ ಒಂದು ಸಣ್ಣ ಪಟ್ಟಣದಲ್ಲಿ. ಮನೆಯಿಂದ ನೂರು ಹೆಜ್ಜೆ ನಡೆದರೆ ಮೂಲೆಯಲ್ಲಿ ಒಂದು ಅಂಗಡಿ. ಹಾಲು, ಬ್ರೆಡ್ಡು, ಪತ್ರಿಕೆ, ಒಮ್ಮೊಮ್ಮೆ ಕೊತ್ತಂಬರಿ ಸೊಪ್ಪು ಸಿಗುತ್ತದೆ. ನಡೆಸುವವರು ಶ್ರೀಲಂಕಾದ ತಮಿಳರು. 2022ರ ಬೇಸಿಗೆಯಲ್ಲಿ ಒಂದು ದಿನ ಅಂಗಡಿಯ ಗಾಜಿನ ಮೇಲೆ ತಿಳಿ ನೀಲಿ ಬಣ್ಣದ ಕಾಗದವೊಂದು ಕಾಣಿಸಿತು. ಬಿಳಿ ಹಾಳೆ ಖಾಲಿಯಾಗಿ ಸಿಕ್ಕಿದ್ದನ್ನು ಅಂಟಿಸಿದ್ದಾರೆ ಎಂದುಕೊಂಡೆ. ಹಾಗಲ್ಲ, ಕಾನೂನೇ ಹಾಗೆ ಹೇಳುತ್ತದೆ. ಮದ್ಯದ ಪರವಾನಗಿಗೆ ಅರ್ಜಿ ಹಾಕಿದವರು ತಿಳಿ ನೀಲಿ ಕಾಗದದ ಮೇಲೆ, ಎ4 ಅಳತೆಗೆ ಕಡಿಮೆಯಿಲ್ಲದಂತೆ, 16 ಪಾಯಿಂಟಿಗಿಂತ ಸಣ್ಣದಲ್ಲದ ಅಕ್ಷರದಲ್ಲಿ ನೋಟೀಸು ಬರೆದು, 28 ದಿನ ಜನರಿಗೆ ಕಾಣುವಂತೆ ಅಂಟಿಸಬೇಕು. ಆ 28 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು. ಯಾರೂ ಬರೆಯದಿದ್ದರೆ ಪರವಾನಗಿ ತಾನಾಗಿ ಸಿಗುತ್ತದೆ, ಯಾವ ಸಭೆಯೂ ನಡೆಯುವುದಿಲ್ಲ.

ಅಂಗಡಿಯವರು ಕೇಳಿದ್ದು ಬೆಳಿಗ್ಗೆ 6ರಿಂದ ರಾತ್ರಿ 12ರವರೆಗೆ. ಅಂಗಡಿಯ ಎದುರಿಗೇ ಶಾಲೆಯ ಮಕ್ಕಳು ಬಸ್ಸಿಗೆ ಕಾಯುವ ತಂಗುದಾಣ. ನನಗೆ ರೇಗಿತು. ಆ ರಾತ್ರಿಯೇ ಕುಳಿತು ಎರಡು ಪುಟ ಬರೆದೆ.

ಆ ಎರಡು ಪುಟಗಳಲ್ಲಿ ಅಂಗಡಿಗಿಂತ ಹೆಚ್ಚಾಗಿ ನಮ್ಮ ಸೋದರಮಾವ ಇದ್ದರು. ಅಮ್ಮನ ತವರೂರಿನಲ್ಲಿ ಸಾರಾಯಿ ಪ್ಯಾಕೆಟ್ಟು ಬೆಳಿಗ್ಗೆ ಹಾಲಿಗಿಂತ ಮೊದಲು ಬರುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಅತ್ತೆ ಊರಿನ ಹೆಂಗಸರ ಜೊತೆ ಸೇರಿ ಅಂಗಡಿಯ ಮುಂದೆ ಕುಳಿತದ್ದು, ಮನವಿ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಅಲೆದದ್ದು, ಮನವಿ ತೆಗೆದುಕೊಂಡವರು ಅದನ್ನು ಓದಿದರೋ ಇಲ್ಲವೋ ತಿಳಿಯದೆ ವಾಪಸು ಬಂದದ್ದು ಎಲ್ಲವನ್ನೂ ಬರೆದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಮಾವನಿಗೆ ಅಷ್ಟರಲ್ಲಿ ತಡವಾಗಿತ್ತು. ಕೊನೆಗೆ, ಈ ಬೀದಿಯಲ್ಲಿ ಈಗಾಗಲೇ ಎರಡು ಪಬ್ಬು, ಒಂದು ಸೂಪರ್ ಮಾರ್ಕೆಟ್ಟು ಇರುವಾಗ ಇನ್ನೊಂದು ಏಕೆ ಬೇಕು ಎಂದು ಕೇಳಿ ಸಹಿ ಹಾಕಿದೆ. ಬರೆದು ಮುಗಿಸಿದಾಗ ಕಣ್ಣು ಒದ್ದೆಯಾಗಿತ್ತು. ಪರವಾನಗಿ ಕೊಡುವ ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಕೂಡ ಅಳುತ್ತದೆ ಎಂದು ನಾನು ನಂಬಿದ್ದೆ.

ನಾಲ್ಕು ದಿನ ಬಿಟ್ಟು ಪರವಾನಗಿ ವಿಭಾಗದ ಅಧಿಕಾರಿಯೊಬ್ಬರು ಫೋನ್ ಮಾಡಿದರು. ಮೃದುವಾದ ದನಿಯ ಹೆಂಗಸು. "ನಿಮ್ಮ ಪತ್ರ ಓದಿದೆ, ನಿಮ್ಮ ಮಾವನ ವಿಷಯ ಕೇಳಿ ಬೇಸರವಾಯಿತು. ಆದರೆ ನಿಮ್ಮ ಆಕ್ಷೇಪಣೆ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೆ?" ಎಂದರು.

ಯಾವ ನಾಲ್ಕು?

ಅವರು ವಿವರಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಪರವಾನಗಿ ಕಾಯ್ದೆಯಂತೆ ಕೌನ್ಸಿಲ್ ನೋಡಬೇಕಾದದ್ದು ನಾಲ್ಕೇ ಸಂಗತಿ: ಅಪರಾಧ ಮತ್ತು ಗಲಭೆ ತಡೆಯುವುದು, ಜನರ ಸುರಕ್ಷತೆ, ಸಾರ್ವಜನಿಕರಿಗೆ ಕಿರಿಕಿರಿಯಾಗದಂತೆ ನೋಡಿಕೊಳ್ಳುವುದು, ಮಕ್ಕಳಿಗೆ ಕೇಡು ತಟ್ಟದಂತೆ ಕಾಯುವುದು. ಮದ್ಯ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇದರಲ್ಲಿ ಇಲ್ಲ. ಈಗಾಗಲೇ ಎಷ್ಟು ಅಂಗಡಿಗಳಿವೆ, ಊರಿಗೆ ಇನ್ನೊಂದು ಬೇಕೇ ಎಂಬುದೂ ಇಲ್ಲ. ಅದು ವ್ಯಾಪಾರದ ಲೆಕ್ಕ, ಕೌನ್ಸಿಲ್ಲಿನ ಕೆಲಸವಲ್ಲ. ಆರೋಗ್ಯದ ಮಾತೂ ಇಲ್ಲವೇ ಎಂದು ಕೇಳಿದೆ. ಸ್ಕಾಟ್ಲೆಂಡಿನ ಕಾಯ್ದೆಯಲ್ಲಿ ಅದು ಐದನೆಯದಾಗಿ ಸೇರಿದೆ, ಇಲ್ಲಿ ಸೇರಿಲ್ಲ ಎಂದರು. ಊರಿನಲ್ಲಾದರೆ ಶಾಲೆ, ದೇವಸ್ಥಾನದಿಂದ ನೂರು ಮೀಟರ್ ದೂರವಿರಬೇಕು ಎಂದು ನಿಯಮವಿದೆ, ಇಲ್ಲಿ ಟೇಪು ಹಿಡಿದು ಅಳೆಯುವ ಆ ಬಗೆಯ ನಿಯಮವೂ ಇಲ್ಲ. ಒಂದೊಂದು ಅಂಗಡಿಯನ್ನೂ ಅದರದೇ ಜಾಗದಲ್ಲಿಟ್ಟು ನೋಡುತ್ತಾರೆ.

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಸಿಟ್ಟಿನಲ್ಲಿದ್ದೆ. ಅತ್ತೆಯ ಕಾಲದಲ್ಲಿ ಹೇಳುವುದಕ್ಕೆ ಎಲ್ಲವೂ ಇತ್ತು, ಕೇಳುವವರು ಇರಲಿಲ್ಲ. ಇಲ್ಲಿ ಕೇಳುವವರು ತಾವಾಗಿ ಫೋನ್ ಮಾಡುತ್ತಾರೆ, ಆದರೆ ಹೇಳಬೇಕಾದದ್ದನ್ನು ಹೇಳಲು ಬಿಡುವುದಿಲ್ಲ. ಕೊನೆಗೆ ಮಾವನನ್ನು ಹೊರಗೆ ಕಳಿಸಿ ಪತ್ರವನ್ನು ತಿದ್ದಿ ಬರೆದೆ: ಸಂಜೆ ಮೂರೂವರೆಗೆ ತಂಗುದಾಣದಲ್ಲಿ ಸೇರುವ ಮಕ್ಕಳು, ಬೆಂಚಿನ ಕೆಳಗೆ ಬಿದ್ದಿರುವ ಡಬ್ಬಗಳು, ರಾತ್ರಿ ಹನ್ನೊಂದರ ಮೇಲೆ ಅಲ್ಲಿ ಕುಳಿತು ಕೂಗಾಡುವವರು. ಅರ್ಧ ಪುಟ.

ವಿಚಾರಣೆ ಹತ್ತೇ ನಿಮಿಷದಲ್ಲಿ ನನ್ನ ಪಾಲಿಗೆ ಮುಗಿಯಿತು. ಮೂವರು ಕೌನ್ಸಿಲರುಗಳ ಉಪಸಮಿತಿ. ಅಂಗಡಿಯವರ ಪರವಾಗಿ ಇದನ್ನೇ ಕಸುಬು ಮಾಡಿಕೊಂಡ ಸಲಹೆಗಾರನೊಬ್ಬ ಬಂದಿದ್ದ. ಅಂಗಡಿ ತೆರೆದಿರುವಷ್ಟು ಹೊತ್ತೂ ಮದ್ಯ ಮಾರಲು ಬಿಡುವುದೇ ವಾಡಿಕೆ, ಕಡಿತಗೊಳಿಸಬೇಕಾದರೆ ತಕ್ಕ ಕಾರಣ ಇರಬೇಕು ಎಂಬ ಸರ್ಕಾರದ ಮಾರ್ಗಸೂಚಿಯನ್ನು ಪುಟದ ಸಮೇತ ಓದಿದ. ಆಮೇಲೆ ನನ್ನ ಕಡೆ ತಿರುಗಿ, ಈ ಅಂಗಡಿಯವರು ಮಕ್ಕಳಿಗೆ ಸಿಗರೇಟನ್ನಾದರೂ ಮಾರಿದ್ದನ್ನು ನೋಡಿದ್ದೀರಾ ಎಂದು ಕೇಳಿದ. ನೋಡಿರಲಿಲ್ಲ. ಹಾಗೆಂದೇ ಹೇಳಿದೆ. ಸುಳ್ಳು ಹೇಳಬೇಕೆಂದು ಒಂದು ಕ್ಷಣ ಅನ್ನಿಸಿದ್ದು ನಿಜ.

ತೀರ್ಪು: ಬೆಳಿಗ್ಗೆ 8ರಿಂದ ರಾತ್ರಿ 10ರವರೆಗೆ. 31 ದಿನಗಳ ಸಿಸಿಟಿವಿ ಚಿತ್ರಗಳನ್ನು ಇಟ್ಟುಕೊಂಡಿರಬೇಕು. ನೋಡಲು 25ಕ್ಕಿಂತ ಚಿಕ್ಕವರಂತೆ ಕಾಣುವ ಯಾರನ್ನೇ ಆಗಲಿ ಗುರುತಿನ ಚೀಟಿ ಕೇಳಬೇಕು. ಮಾರಲು ನಿರಾಕರಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು. ಶೇಕಡಾ 6.5ಕ್ಕಿಂತ ಗಡಸಾದ ಬಿಯರು, ಸೈಡರು ಇಡಕೂಡದು. ನಾನು ಸೋತು ಮನೆಗೆ ಬಂದೆ. "ಅಲ್ಲರೀ, ಬೆಳಿಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ ಕತ್ತರಿಸಿದ್ದಾರೆ. ಇದು ಸೋಲು ಹೇಗಾಗುತ್ತದೆ?" ಎಂದು ಹೆಂಡತಿ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಮರುದಿನ ಹಾಲು ತರಲು ಹೋದೆ. ಅಂಗಡಿಯವರು ಚಿಲ್ಲರೆ ಎಣಿಸುತ್ತ ತಲೆಯೆತ್ತದೆಯೇ, "ನಿಮ್ಮ ಪತ್ರವನ್ನು ಎರಡು ಸಲ ಓದಿದೆ ಸಾರ್" ಎಂದರು. ಆಕ್ಷೇಪಿಸಿದವರ ಹೆಸರು, ಪತ್ರ ಎಲ್ಲವೂ ಅರ್ಜಿದಾರರ ಕೈಗೆ ಹೋಗುತ್ತದೆ ಎಂದು ನಮೂನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಗಮನಿಸಿರಲಿಲ್ಲ. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾಯಿತು. ಆಮೇಲೆ ಮೂರು ತಿಂಗಳು ಅರ್ಧ ಮೈಲಿ ಆಚೆಯ ಸೂಪರ್ ಮಾರ್ಕೆಟ್ಟಿನಿಂದ ಹಾಲು ತಂದೆ. ಅಲ್ಲಿ ಬಾಗಿಲ ಬಳಿಯೇ ಬಿಯರಿನ ಪೆಟ್ಟಿಗೆಗಳನ್ನು ಆಳೆತ್ತರಕ್ಕೆ ಪೇರಿಸಿರುತ್ತಾರೆ.

ಇನ್ನು ಎರಡನೆಯ ಕಥೆ.

ನಮ್ಮ ಪಟ್ಟಣದಲ್ಲಿ ಒಂದು ಸಮುದಾಯ ಭವನವಿದೆ. ಕೆಂಪು ಇಟ್ಟಿಗೆ, ಮರದ ನೆಲ, ಒಂದು ಪುಟ್ಟ ವೇದಿಕೆ, ಸದಾ ತಣ್ಣಗಿರುವ ಅಡುಗೆಕೋಣೆ. ಬೆಳಿಗ್ಗೆ ಕೂಸುಗಳ ಆಟ, ಮಧ್ಯಾಹ್ನ ಮುದುಕರ ಚಹಾ, ಸಂಜೆ ಯೋಗ, ವಾರದ ಕೊನೆಗೆ ಹುಟ್ಟುಹಬ್ಬ, ಮದುವೆಯ ಪಾರ್ಟಿ. ಯುಗಾದಿ ಮತ್ತು ರಾಜ್ಯೋತ್ಸವಕ್ಕೆ ನಾವು ಕನ್ನಡಿಗರು ಅದನ್ನೇ ಬಾಡಿಗೆಗೆ ಹಿಡಿಯುತ್ತೇವೆ. ಹಾಗೆ ಹೋಗಿ ಬಂದು ಮಾಡುತ್ತ ಒಂದು ವರ್ಷ ನಾನೂ ಅದರ ಹತ್ತು ಟ್ರಸ್ಟಿಗಳಲ್ಲಿ ಒಬ್ಬನಾದೆ.

ಭವನಕ್ಕೆ ಮದ್ಯದ ಪರವಾನಗಿ ಇರಲಿಲ್ಲ. ಮದುವೆಗೋ ಹುಟ್ಟುಹಬ್ಬಕ್ಕೋ ಬಾರ್ ಬೇಕಾದರೆ ತಾತ್ಕಾಲಿಕ ಕಾರ್ಯಕ್ರಮದ ನೋಟೀಸು ಕೊಡಬೇಕು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಎಲ್ಲರೂ ಅದನ್ನು 'ಟೆನ್' ಎನ್ನುತ್ತಾರೆ. ಒಂದಕ್ಕೆ 21 ಪೌಂಡ್, ಹತ್ತು ಕೆಲಸದ ದಿನ ಮೊದಲೇ ಕೌನ್ಸಿಲ್ಲಿಗೆ ಮುಟ್ಟಬೇಕು, ಒಳಗೆ ಒಂದು ಹೊತ್ತಿಗೆ 499 ಜನರಿಗಿಂತ ಹೆಚ್ಚು ಇರಕೂಡದು. 499 ಜನರನ್ನು ನಮ್ಮ ಭವನದೊಳಗೆ ತುಂಬಬೇಕೆಂದರೆ ಒಬ್ಬರ ಹೆಗಲ ಮೇಲೆ ಒಬ್ಬರು ನಿಲ್ಲಬೇಕು, ಆದ್ದರಿಂದ ಅದು ತೊಂದರೆಯಲ್ಲ. ತೊಂದರೆ ಇದ್ದದ್ದು ಎಣಿಕೆಯಲ್ಲಿ. ಒಂದು ಜಾಗಕ್ಕೆ ವರ್ಷಕ್ಕೆ 15 ಟೆನ್ ಮಾತ್ರ. ಕೋವಿಡ್ ಮುಗಿದ ಮೇಲೆ 2022 ಮತ್ತು 2023ರಲ್ಲಿ ಅದನ್ನು 20ಕ್ಕೆ ಏರಿಸಿದ್ದರು, ನಮಗೆ ಅದೇ ಅಭ್ಯಾಸವಾಯಿತು. 2024ರಲ್ಲಿ ಮತ್ತೆ 15ಕ್ಕೆ ಇಳಿಯಿತು. ನಾವು ಯಾರೂ ಎಣಿಸಲಿಲ್ಲ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಹದಿನೈದೂ ಖರ್ಚಾಗಿದ್ದವು. ಮುಂದೆ ಕ್ರಿಸ್‌ಮಸ್ ಇತ್ತು.

ಹಾಡುಗಾರರ ತಂಡದ ಕ್ರಿಸ್‌ಮಸ್ ಕಛೇರಿಗೆ ಟಿಕೆಟ್ಟಿನ ಜೊತೆ ಒಂದು ಲೋಟ ಬಿಸಿ ವೈನ್ ಕೊಡುವುದು ಹಳೆಯ ಪದ್ಧತಿ. ನಾವು ಮಾರುವುದಿಲ್ಲವಲ್ಲ, ಕೊಡುತ್ತೇವಷ್ಟೇ ಎಂದರು ನಮ್ಮ ಅಧ್ಯಕ್ಷರು. ನಿವೃತ್ತ ಮೇಷ್ಟ್ರು, ಮಾತಿನಲ್ಲಿ ಬಹಳ ನಾಜೂಕು. ಕೌನ್ಸಿಲ್ಲನ್ನು ಕೇಳಿದೆವು. ಟಿಕೆಟ್ಟಿನ ಹಣದೊಳಗೆ ಲೋಟ ಸೇರಿದ್ದರೆ ಅದು ಮಾರಾಟವೇ. ಹಾಗಾದರೆ ಪುಕ್ಕಟೆ ಕೊಟ್ಟು ಪಕ್ಕದಲ್ಲೊಂದು ಕಾಣಿಕೆ ಬುಟ್ಟಿ ಇಡೋಣ ಎಂದರು. ಹಣ ಹಾಕದವನಿಗೂ ಅದೇ ಮುಖದಿಂದ ವೈನ್ ಕೊಡುತ್ತೀರಾ ಎಂದು ಅತ್ತಲಿಂದ ಪ್ರಶ್ನೆ ಬಂತು. ಅಧ್ಯಕ್ಷರು ಪ್ರಾಮಾಣಿಕರು, ಬುಟ್ಟಿಯ ಮಾತನ್ನು ಕೈಬಿಟ್ಟರು. ಆ ವರ್ಷ ಎಲ್ಲರೂ ಕಿತ್ತಳೆ ರಸ ಕುಡಿದು ಹಾಡು ಕೇಳಿದರು. ಟಿಕೆಟ್ಟುಗಳು ಅರ್ಧದಷ್ಟೂ ಹೋಗಲಿಲ್ಲ. ಭವನವನ್ನು ಬೆಚ್ಚಗಿಡುವ ಬಾಯ್ಲರು ಆ ಚಳಿಗಾಲದಲ್ಲೇ ಕೈಕೊಟ್ಟಿತು.

ಕಾಯಂ ಪರವಾನಗಿಗೆ ಅರ್ಜಿ ಹಾಕುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ಯಾರು ಬರೆಯುವುದು? ಎಲ್ಲರೂ ನನ್ನನ್ನು ನೋಡಿದರು. ವಿಚಾರಣೆಯ ಒಳಗು ಕಂಡವನು ನಾನೊಬ್ಬನೇ ಎಂಬುದು ಒಂದು ಕಾರಣ. "ಕುಡಿಯದವನ ಕೈಯಲ್ಲಿ ಬಾರಿನ ಲೆಕ್ಕ ಸುರಕ್ಷಿತ" ಎಂದು ಖಜಾಂಚಿ ಇನ್ನೊಂದು ಸೇರಿಸಿದರು.

ಭಾನುವಾರ ಅಮ್ಮನ ಫೋನ್ ಬಂದಾಗ ಬಾಯಿ ತಪ್ಪಿ ಹೇಳಿಬಿಟ್ಟೆ. "ಏನೋ, ಅಷ್ಟು ಓದಿ, ಅಷ್ಟು ದೂರ ಹೋಗಿ ಹೆಂಡದಂಗಡಿ ತೆರೆಯುತ್ತೀಯೇನೋ? ನಿಮ್ಮ ಮಾವನ ಗತಿ ಮರೆತೆಯಾ?" ಅಂಗಡಿಯಲ್ಲ ಅಮ್ಮ, ಭವನ, ಮುದುಕರಿಗೆ ಬಿಸಿಯಾಗಬೇಕು, ಬಾಯ್ಲರು ಕೆಟ್ಟಿದೆ ಎಂದೆ. ಹೆಂಡ ಮಾರಿ ಮುದುಕರಿಗೆ ಬೆಂಕಿ ಕಾಯಿಸುವ ಊರು ಎಂಥದೋ ಎಂದು ಹೇಳಿ ಅಪ್ಪನ ಕೈಗೆ ಫೋನ್ ಕೊಟ್ಟಳು. ಅಪ್ಪ, ಊಟವಾಯಿತೇ ಎಂದು ಕೇಳಿದರು.

ಅರ್ಜಿಯ ವಿಷಯ. ಮಾಮೂಲು ಪಬ್ಬಿಗೋ ಅಂಗಡಿಗೋ ಆದರೆ ವೈಯಕ್ತಿಕ ಪರವಾನಗಿ ಪಡೆದ ಒಬ್ಬ ಹೊಣೆಗಾರ ಮೇಲ್ವಿಚಾರಕ ಇರಲೇಬೇಕು. ಅದಕ್ಕೊಂದು ತರಬೇತಿ, ಪರೀಕ್ಷೆ, ಪೊಲೀಸ್ ದಾಖಲೆಯ ತಪಾಸಣೆ. ನಮ್ಮಂಥ ಭವನಗಳಲ್ಲಿ ಸಂಬಳಕ್ಕೆ ಯಾರೂ ಇರುವುದಿಲ್ಲ, ಅಂಥವನನ್ನು ಎಲ್ಲಿಂದ ತರುವುದು? ಹಾಗಾಗಿ ಹಳ್ಳಿಯ ಭವನ, ಚರ್ಚಿನ ಭವನಗಳಿಗೆ 2009ರಲ್ಲಿ ಒಂದು ದಾರಿ ಮಾಡಿದರು: ಆಡಳಿತ ಸಮಿತಿಯೇ ಒಟ್ಟಾಗಿ ಹೊಣೆ ಹೊರಬಹುದು. ಸಮಿತಿಯ ನಿಯಮಾವಳಿ, ಬಾಡಿಗೆಯ ಕರಾರು ಪತ್ರ ಎಲ್ಲವನ್ನೂ ಲಗತ್ತಿಸಬೇಕು. ಒಟ್ಟು ಹೊಣೆ ಎಂದ ಕೂಡಲೇ ಇಬ್ಬರು ಟ್ರಸ್ಟಿಗಳ ಮುಖ ಬಿಳಿಚಿತು. ಅಪ್ರಾಪ್ತನೊಬ್ಬನಿಗೆ ಯಾರೋ ಬಿಯರು ಕೊಟ್ಟರೆ ನಾನು ಕೋರ್ಟಿಗೆ ಹೋಗಬೇಕೇ ಎಂದು ಹೂದೋಟದ ಉಸ್ತುವಾರಿಯ ಹೆಂಗಸು ಕೇಳಿದರು. ಸಮಾಧಾನ ಮಾಡಲು ಒಂದು ಸಂಜೆ ಪೂರ್ತಿ ಹೋಯಿತು.

ಬರೀ ಸಂಗೀತ, ನಾಟಕಕ್ಕಾದರೆ ಇಂಥ ಭವನಗಳಿಗೆ ಶುಲ್ಕವಿಲ್ಲ. ಮದ್ಯ ಸೇರಿದ ಕೂಡಲೇ ಆ ವಿನಾಯಿತಿ ಹೋಗುತ್ತದೆ. ಕಟ್ಟಡದ ತೆರಿಗೆ ಮೌಲ್ಯದ ಮೇಲೆ ಐದು ದರ್ಜೆಗಳಿವೆ. ನಾವು ಎರಡನೆಯದಕ್ಕೆ ಬಂದೆವು. ಅರ್ಜಿಗೆ 190 ಪೌಂಡ್, ಆಮೇಲೆ ಪ್ರತಿ ವರ್ಷ 180. ಕಟ್ಟದಿದ್ದರೆ ಪರವಾನಗಿ ಅಮಾನತು. ಬಾಗಿಲು, ಮೆಟ್ಟಿಲು, ವೇದಿಕೆ, ಶೌಚಾಲಯ, ಬೆಂಕಿ ಆರಿಸುವ ಸಿಲಿಂಡರು ಎಲ್ಲೆಲ್ಲಿವೆ ಎಂದು ನಕ್ಷೆ ಬರೆಯಬೇಕು. ನನ್ನ ಮಗಳು ಬರೆದುಕೊಟ್ಟಳು.

ತಪ್ಪಾದದ್ದು ಸಮಯದ ಅಂಕಣದಲ್ಲಿ. ವಾರದ ಏಳು ದಿನ, ಮಧ್ಯರಾತ್ರಿಯವರೆಗೆ ಎಂದು ಬರೆಸಿದರು ಅಧ್ಯಕ್ಷರು. ಕೇಳುವುದರಲ್ಲಿ ಏನು ಹೋಗುತ್ತದೆ, ಬೇಡವಾದರೆ ಬಳಸದಿದ್ದರಾಯಿತು ಎಂಬುದು ಅವರ ವಾದ. ನನಗೂ ಸರಿಯೆನಿಸಿತು. ಆದರೆ ನೀಲಿ ಕಾಗದದ ಮೇಲೆ ಬರುವುದು ಅದೇ ಸಾಲು. ನಮ್ಮ ಮನಸ್ಸಿನಲ್ಲಿದ್ದದ್ದು ತಿಂಗಳಿಗೆ ಎರಡು ಶನಿವಾರ. ಬೀದಿಯವರು ಓದಿದ್ದು ಪ್ರತಿ ರಾತ್ರಿ ಹನ್ನೆರಡರವರೆಗೆ ತೆರೆದಿರುವ ಪಬ್ಬು. ಇಂಥ ಅರ್ಜಿ ಹಾಕುವವರು ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ: ಬೇಕಾದಷ್ಟನ್ನೇ ಕೇಳಿ, ಬೇಕಾಗಬಹುದಾದದ್ದನ್ನು ಕೇಳಬೇಡಿ.

ನೀಲಿ ಕಾಗದ ಅಂಟಿಸುವುದರಲ್ಲೂ ಎಡವಿದೆ. ಮಳೆಗೆ ನೆನೆಯದಿರಲಿ ಎಂದು ಭವನದ ಒಳಜಗಲಿಯ ಗಾಜಿನ ಫಲಕದಲ್ಲಿ ಹಾಕಿ ಬೀಗ ಜಡಿದೆ. ನಾಲ್ಕನೆಯ ದಿನ ಪರಿಶೀಲನೆಗೆ ಬಂದವರು, ಹೊರಗಿನ ರಸ್ತೆಯಿಂದ ಓದಲಾಗುವುದಿಲ್ಲ, ಆದ್ದರಿಂದ ಈ ನಾಲ್ಕು ದಿನ ಲೆಕ್ಕಕ್ಕಿಲ್ಲ ಎಂದರು. 28 ದಿನ ಮತ್ತೆ ಒಂದರಿಂದ ಶುರು. ನೋಟೀಸನ್ನು ಸ್ಥಳೀಯ ಪತ್ರಿಕೆಯಲ್ಲೂ ಹತ್ತು ಕೆಲಸದ ದಿನಗಳೊಳಗೆ ಹಾಕಿಸಬೇಕು. ತಾರೀಖು ಬದಲಾದ್ದರಿಂದ ಅದೂ ಎರಡನೆಯ ಸಲ. ಜಾಹೀರಾತಿಗೆ ಅರ್ಜಿಯ ಶುಲ್ಕಕ್ಕಿಂತ ಹೆಚ್ಚು ಖರ್ಚಾಯಿತು. ಖಜಾಂಚಿ ನನ್ನ ಜೊತೆ ಒಂದು ವಾರ ಮಾತು ಕಡಿಮೆ ಮಾಡಿದರು. ಭವನದ ಬೇಲಿ ಎರಡು ರಸ್ತೆಗಳಿಗೆ ತಾಗಿರುವುದರಿಂದ ಕಾಗದವನ್ನು ಎರಡೂ ಕಡೆ ಹಾಕಿ, ಪ್ಲಾಸ್ಟಿಕ್ಕಿನ ಹೊದಿಕೆ ತೊಡಿಸಿ, ಫೆಬ್ರುವರಿಯ ಗಾಳಿಯಲ್ಲಿ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅದು ಇದೆಯೇ ಎಂದು ನೋಡಿ ಫೋಟೋ ತೆಗೆದುಕೊಳ್ಳುತ್ತಿದ್ದೆ. ನನ್ನ ಮೊಬೈಲಿನಲ್ಲಿ ಒಂದೇ ಬೇಲಿಯ ಮೂವತ್ತು ಚಿತ್ರಗಳಿವೆ.

ಪೊಲೀಸರದು ತಕರಾರಿಲ್ಲ, ವಯಸ್ಸಿನ ತಪಾಸಣೆ, ಬಾರಿನಲ್ಲಿ ನಿಲ್ಲುವವರಿಗೆ ತರಬೇತಿಯ ದಾಖಲೆ, ಇಷ್ಟನ್ನು ಒಪ್ಪಿದೆವು. ಪರಿಸರ ಆರೋಗ್ಯ ವಿಭಾಗದವರು ರಾತ್ರಿ ಒಂಬತ್ತರ ಮೇಲೆ ಸಂಗೀತವಿದ್ದರೆ ಕಿಟಕಿ, ಬಾಗಿಲು ಮುಚ್ಚಿರಬೇಕು ಎಂದರು, ಅದನ್ನೂ ಒಪ್ಪಿದೆವು. ಆಮೇಲೆ ಬಂದವು ನೆರೆಯವರ ಪತ್ರಗಳು. ನಾಲ್ಕು.

ಅವುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದಿದಾಗ ಮೂಲೆಯಂಗಡಿಯವರು ನನ್ನ ಪತ್ರವನ್ನು ಎರಡು ಸಲ ಏಕೆ ಓದಿದರೆಂದು ತಿಳಿಯಿತು. ಒಂದು ಪತ್ರ, ಎರಡನೆಯ ಸಲ ಓದಿದರೂ, ನನ್ನನ್ನು ಬೈದ ಹಾಗೆಯೇ ಇತ್ತು. ಅದರಲ್ಲಿ ಒಂದು ಸಾಲು: ನವೆಂಬರಿನ ಒಂದು ಶನಿವಾರ ಮಧ್ಯಾಹ್ನವಿಡೀ ಡೋಲು ಬಾರಿಸಿದರು, ಇನ್ನು ಮದ್ಯವೂ ಸೇರಿದರೆ ಗತಿಯೇನು? ಆ ಡೋಲು ನಮ್ಮದು. ರಾಜ್ಯೋತ್ಸವದ ಡೊಳ್ಳು ಕುಣಿತ. ಅಲ್ಲಿ ಹರಿದದ್ದು ಪಾನಕ ಮತ್ತು ಫಿಲ್ಟರ್ ಕಾಫಿ.

ಬರೆದವರು ಭವನದ ಹಿಂಗೋಡೆಗೆ ಅಂಟಿದ ಮನೆಯ ಎಂಬತ್ತು ದಾಟಿದ ಹಿರಿಯರು. ಅಧ್ಯಕ್ಷರೂ ನಾನೂ ಹೋಗಿ ಬಾಗಿಲು ತಟ್ಟಿದೆವು. ಒಳಗೆ ಕರೆದು ಚಹಾ ಕೊಟ್ಟು, ಮಹಡಿಯ ಮಲಗುವ ಕೋಣೆಗೆ ಕರೆದೊಯ್ದು ಕಿಟಕಿ ತೆರೆದರು. ಕೆಳಗೆ, ಒಂದು ಕಲ್ಲೆಸೆದರೆ ಬೀಳುವಷ್ಟು ದೂರವೂ ಅಲ್ಲ, ಕೈ ಚಾಚಿದರೆ ಸಿಗುವಂತೆ ನಮ್ಮ ಗಾಜಿನ ಕಸದ ತೊಟ್ಟಿ. ಪಾರ್ಟಿ ಮುಗಿದ ಮೇಲೆ ಬಾಡಿಗೆಯವರು ಖಾಲಿ ಬಾಟಲಿಗಳನ್ನು ಒಂದೊಂದಾಗಿ ಅದರೊಳಗೆ ಎಸೆಯುತ್ತಾರಂತೆ, ರಾತ್ರಿ ಹನ್ನೆರಡಕ್ಕೆ. ಆಮೇಲೆ ಕಾರಿನ ಬಾಗಿಲುಗಳು. ಆಮೇಲೆ ವಿದಾಯಗಳು, ನಿಮ್ಮವರು ವಿದಾಯ ಹೇಳಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ ಎಂದು ನನ್ನ ಕಡೆ ನೋಡಿ ಹೇಳಿದರು. ಈ ಕೊನೆಯದು ಅಪ್ಪಟ ಸತ್ಯ. ಬಾಗಿಲಲ್ಲಿ ನಿಂತು ಹೊರಡುವ ಮಾತಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಕೆಳಗಿಳಿದು ಬಂದ ಮೇಲೆ ನಾನು ಗಮನಿಸಿದ್ದು, ಒಂದು ಗಂಟೆಯ ಮಾತಿನಲ್ಲಿ ಅವರು ಕುಡಿತದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ನಾವು ಅರ್ಜಿಯನ್ನು ತಿದ್ದಿದೆವು. ಗುರುವಾರದಿಂದ ಭಾನುವಾರ ಮಾತ್ರ, ರಾತ್ರಿ 11ಕ್ಕೆ ಬಾರ್ ಬಂದ್, 11.30ಕ್ಕೆ ಭವನ ಖಾಲಿ. ರಾತ್ರಿ ಬಾಟಲಿಗಳನ್ನು ಹೊರಗೆ ಹಾಕಕೂಡದು, ಬೆಳಿಗ್ಗೆ ಎಂಟರ ಮೇಲೆ. ತೊಟ್ಟಿ ಮುಂಭಾಗಕ್ಕೆ. ಇಬ್ಬರು ಪತ್ರ ಹಿಂತೆಗೆದುಕೊಂಡರು, ಒಬ್ಬರಿಂದ ಸುದ್ದಿಯಿಲ್ಲ. ಹಿರಿಯರು ಮಾತ್ರ ಒಪ್ಪಲಿಲ್ಲ. "ನೀವು ಒಳ್ಳೆಯವರೇ. ಆದರೆ ಟ್ರಸ್ಟಿಗಳು ಬದಲಾಗುತ್ತಾರೆ. ನಾನು ಹಿಂತೆಗೆದುಕೊಂಡರೆ ಇದು ಮಾತಾಗಿ ಉಳಿಯುತ್ತದೆ. ಪರವಾನಗಿಯ ಒಳಗೆ ಬರೆಯಲಿ, ನನ್ನ ಕಿವಿಯಾರೆ ಕೇಳಬೇಕು" ಎಂದರು. ನಾಲ್ಕರ ಕಾನೂನನ್ನು ನನಗಿಂತ ಚೆನ್ನಾಗಿ ಬಲ್ಲವರು. ಷರತ್ತು ಪರವಾನಗಿಯಲ್ಲಿ ಸೇರಿದರೆ ಅದನ್ನು ಮುರಿಯುವುದು ಅಪರಾಧ. ಚಹಾದ ಜೊತೆ ಕೊಟ್ಟ ಮಾತನ್ನು ಮುರಿಯುವುದು ಬರೀ ಅಸಭ್ಯತೆ.

ವಿಚಾರಣೆ ಮಾರ್ಚಿನಲ್ಲಿ. ಮತ್ತೆ ಅದೇ ಕೋಣೆ, ಅದೇ ಉದ್ದನೆಯ ಮೇಜು. ಮೂವರು ಕೌನ್ಸಿಲರುಗಳು, ಅವರ ಪಕ್ಕದಲ್ಲಿ ಕಾನೂನು ಸಲಹೆಗಾರ, ಟಿಪ್ಪಣಿ ಬರೆಯುವ ಗುಮಾಸ್ತೆ. ಎರಡೂ ಕಡೆಯವರಿಗೆ ಸಮ ಸಮ ಸಮಯ, ಇದು ನಿಯಮ. ಈ ಸಲ ನಾನು ಕುಳಿತದ್ದು ಅಂದು ಮೂಲೆಯಂಗಡಿಯವರು ಕುಳಿತಿದ್ದ ಕುರ್ಚಿಯಲ್ಲಿ. ಹೊಸ ಜಾಗಕ್ಕೆ ಸರಿಸಿದ ತೊಟ್ಟಿಯ ಫೋಟೋಗಳನ್ನು ಒಯ್ದಿದ್ದೆ. ವಿಚಾರಣೆಯ ದಿನ ಹೊಸ ಕಾಗದ ಕೊಡಬೇಕಾದರೆ ಎದುರಿನವರು ಒಪ್ಪಬೇಕು ಎಂದರು ಸಲಹೆಗಾರ. ಹಿರಿಯರು ಫೋಟೋಗಳನ್ನು ತೆಗೆದುಕೊಂಡು, ಕನ್ನಡಕ ಬದಲಿಸಿ, ಒಂದೊಂದನ್ನೇ ನೋಡಿದರು. ಕೋಣೆಯೆಲ್ಲ ಕಾಯಿತು. "ತೊಟ್ಟಿ ಇದೇ. ನನ್ನ ಆಕ್ಷೇಪವಿಲ್ಲ" ಎಂದರು.

ಅಧ್ಯಕ್ಷತೆ ವಹಿಸಿದ್ದ ಮಹಿಳೆ ಕೇಳಿದ್ದು ನಾನು ತಯಾರಿ ಮಾಡಿಕೊಂಡಿದ್ದ ಯಾವ ಪ್ರಶ್ನೆಯೂ ಅಲ್ಲ. "ಸಮಿತಿಯೇ ಹೊಣೆ ಎಂದಿದ್ದೀರಿ. ಹತ್ತು ಜನರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ ಎಂದಾಗಬಹುದಲ್ಲ? ಶನಿವಾರ ರಾತ್ರಿ ಹತ್ತೂಮುಕ್ಕಾಲಿಗೆ ಇವರಿಗೆ ನಿದ್ದೆ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು?" ಸರದಿಯ ಪಟ್ಟಿ ಮಾಡುತ್ತೇವೆ, ಪ್ರತಿ ಕಾರ್ಯಕ್ರಮಕ್ಕೂ ಒಬ್ಬ ಟ್ರಸ್ಟಿ ಇರುತ್ತಾರೆ ಎಂದೆ. ಒಂದೇ ನಂಬರು ಬೇಕು ಎಂದರು. ನಮ್ಮ ಭವನದ ಅಧ್ಯಕ್ಷರನ್ನು ನೋಡಿದೆ. ಅವರು ನಕ್ಷೆಯನ್ನು ನೋಡುತ್ತಿದ್ದರು. ನನ್ನ ಮೊಬೈಲ್ ನಂಬರನ್ನು ಹೇಳಿದೆ, ಗುಮಾಸ್ತೆ ಬರೆದುಕೊಂಡಳು.

ಅವರು ಒಳಗೆ ಚರ್ಚೆಗೆ ಹೋದಾಗ ನಾವೆಲ್ಲ ಹೊರಗಿನ ಬೆಂಚಿನಲ್ಲಿ ಕುಳಿತೆವು. ಹೆಂಡತಿ ಕಟ್ಟಿಕೊಟ್ಟ ನಿಪ್ಪಟ್ಟಿನ ಡಬ್ಬ ಚೀಲದಲ್ಲಿತ್ತು. ಹಿರಿಯರಿಗೆ ಕೊಟ್ಟೆ. ಗಟ್ಟಿಯಾಗಿದೆ, ನನ್ನ ಹಲ್ಲಿಗೆ ಆಗದು ಎಂದು ಹೇಳಿ ಎರಡು ತಿಂದರು. ಮೊದಲೆಲ್ಲ ಈ ಪರವಾನಗಿ ಕೊಡುತ್ತಿದ್ದದ್ದು ಮ್ಯಾಜಿಸ್ಟ್ರೇಟ್ ಕೋರ್ಟು, 2005ರಲ್ಲಿ ಕೌನ್ಸಿಲ್ಲಿಗೆ ಬಂತು, ಆ ಕಾಲದಲ್ಲಾಗಿದ್ದರೆ ನಮ್ಮಂಥವರು ಇಷ್ಟು ಮಾತಾಡಲಾಗುತ್ತಿರಲಿಲ್ಲ ಎಂದು ಹೇಳಿದರು. ಈಗ ಮೇಲ್ಮನವಿಗೆ ಮಾತ್ರ ಕೋರ್ಟು, 21 ದಿನಗಳೊಳಗೆ. ನೀವು ಹೋಗುತ್ತೀರಾ ಎಂದೆ. ನೀವು ಹೋಗುತ್ತೀರಾ ಎಂದು ಅವರು ತಿರುಗಿ ಕೇಳಿದರು.

ಇಪ್ಪತ್ತೈದು ನಿಮಿಷಗಳಲ್ಲಿ ತೀರ್ಪು ಬಂತು. ನಾವು ತಿದ್ದಿದ ಸಮಯವೇ ಸಿಕ್ಕಿತು. ಬಾಟಲಿ, ತೊಟ್ಟಿ, ಬಾಗಿಲು, ಕಿಟಕಿ ಎಲ್ಲವೂ ಷರತ್ತುಗಳಾಗಿ ಸೇರಿದವು, ನನ್ನ ಫೋನೂ ಸೇರಿತು: ಕಾರ್ಯಕ್ರಮ ನಡೆಯುವಷ್ಟು ಹೊತ್ತೂ ನೆರೆಯವರಿಗೆ ಸಿಗುವಂಥ ನಂಬರೊಂದು ಇರಬೇಕು. ಹಿರಿಯರು ಕಿವಿಯ ಯಂತ್ರವನ್ನು ಸರಿಮಾಡಿಕೊಂಡು ಪ್ರತಿಯೊಂದನ್ನೂ ಕೇಳಿ ತಲೆಯಾಡಿಸಿದರು.

ಮಾರಲು ನಿರಾಕರಿಸಿದ್ದನ್ನು ಬರೆಯುವ ಪುಸ್ತಕವನ್ನು ಈಗ ನಾವೂ ಇಡಬೇಕಿತ್ತು, ಅದು ಹೇಗಿರಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ. ಮೂಲೆಯಂಗಡಿಗೆ ಹೋದೆ. ಅವರು ಕೌಂಟರಿನ ಕೆಳಗಿನಿಂದ ದಪ್ಪ ಪುಸ್ತಕ ತೆಗೆದು ತೋರಿಸಿದರು: ತಾರೀಖು, ಗಂಟೆ, ಏನು ಕೇಳಿದರು, ಏಕೆ ಕೊಡಲಿಲ್ಲ, ಬಂದವರು ನೋಡಲು ಹೇಗಿದ್ದರು. ಮೂರು ವರ್ಷದ ಪುಟಗಳು, ಒಂದೇ ಕೈಬರಹ. "ಬಸ್ಸಿನ ಹುಡುಗರು ಮೊದಲು ಬರುತ್ತಿದ್ದರು. ಈಗ ಕೇಳುವುದೂ ಇಲ್ಲ" ಎಂದರು. ಆಮೇಲೆ ಪುಸ್ತಕ ಮುಚ್ಚಿ, "ಮೊದಲ ಪುಟದಲ್ಲಿ ನಿಮ್ಮ ಹೆಸರು ಹಾಕಬೇಕಿತ್ತು ಸಾರ್. ಇದನ್ನು ತಂದವರು ನೀವೇ ಅಲ್ಲವೇ?" ಎಂದು ನಕ್ಕರು. ನಮಗೆಂದು ಒಂದು ಖಾಲಿ ಪುಸ್ತಕವನ್ನು ಅವರೇ ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಈಗ ಹಾಲು ಅಲ್ಲಿಂದಲೇ.

ಬೇಸಿಗೆಯಲ್ಲಿ ಮೂರು ಮದುವೆ, ಒಂದು ಅರವತ್ತರ ಹುಟ್ಟುಹಬ್ಬ ನಡೆದವು. ಕುಡಿಯುವ ನೀರನ್ನು ಕೇಳಿದವರಿಗೆಲ್ಲ ಪುಕ್ಕಟೆ ಕೊಡಬೇಕು ಎಂಬ ನಿಯಮ ಓದಿ ಖಜಾಂಚಿ ಬಾಟಲಿ ನೀರಿನ ವ್ಯಾಪಾರ ಹೋಯಿತೆಂದು ಕೊರಗಿದರು. ಬಾಯ್ಲರಿಗೆ ಮುಂಗಡ ಕೊಟ್ಟಾಯಿತು. ಇಷ್ಟು ದಿನವೂ ಶನಿವಾರ ರಾತ್ರಿ ಫೋನನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದೆ. ಒಮ್ಮೆಯೂ ಬಡಿಯಲಿಲ್ಲ.

ಬಡಿದದ್ದು ನವೆಂಬರಿನ ರಾಜ್ಯೋತ್ಸವದ ದಿನ, ಸಂಜೆ ನಾಲ್ಕೂವರೆಗೆ. ಬಾರ್ ತೆರೆದಿರಲಿಲ್ಲ, ತೆರೆಯುವುದೂ ಇರಲಿಲ್ಲ. ವೇದಿಕೆಯ ಮೇಲೆ ಡೊಳ್ಳು ಆಗತಾನೇ ಶುರುವಾಗಿತ್ತು. ಪರದೆಯ ಮೇಲೆ ಹಿರಿಯರ ಹೆಸರು ನೋಡಿ ಎದೆ ಧಸಕ್ಕೆಂದಿತು. ಹೊರಗೋಡಿ, ಬಾಗಿಲು ಮುಚ್ಚಿ, ಕ್ಷಮಿಸಿ, ಇನ್ನು ಇಪ್ಪತ್ತು ನಿಮಿಷ ಅಷ್ಟೇ, ಡೋಲು ನಿಂತುಬಿಡುತ್ತದೆ ಎಂದೆ.

"ಡೋಲಿನ ವಿಷಯವಲ್ಲ, ಅದು ಚೆನ್ನಾಗಿಯೇ ಇದೆ" ಎಂದರು. "ನನ್ನ ಗೇಟಿಗೆ ಅಡ್ಡವಾಗಿ ಯಾರೋ ಬೆಳ್ಳಿ ಬಣ್ಣದ ಕಾರು ನಿಲ್ಲಿಸಿದ್ದಾರೆ."

ಒಳಗೆ ಬಂದು ಡೊಳ್ಳು ನಿಲ್ಲಿಸಿ, ಮೈಕ್ ಹಿಡಿದು ನಂಬರನ್ನು ಕನ್ನಡದಲ್ಲಿ ಎರಡು ಸಲ ಕೂಗಿದೆ. ಯಾರೂ ಏಳಲಿಲ್ಲ. ಮೂರನೆಯ ಸಲಕ್ಕೆ ಮುಂದಿನ ಸಾಲಿನಲ್ಲಿ ಕೋಸಂಬರಿ ತಿನ್ನುತ್ತಿದ್ದ ನನ್ನ ಷಡ್ಡಕ, ಎಲೆಯನ್ನು ಪಕ್ಕದವರ ಕೈಗೆ ಕೊಟ್ಟು, ಜೇಬಿನಲ್ಲಿ ಕೀಲಿ ಹುಡುಕತೊಡಗಿದ.